ಎಲುಬು ಮುರಿದ ಮೇಲಿನ ಮೂರು ತಿಂಗಳು: ಮನೆಯಲ್ಲಿ ಏನು ನಡೆಯಬೇಕು

ಕಾಲಿನ ಅಥವಾ ಸೊಂಟದ ಎಲುಬು ಮುರಿದು ಆಪರೇಷನ್ ಆದವರು ಆಸ್ಪತ್ರೆಯಲ್ಲಿ ಇರುವುದು ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಉಳಿದದ್ದೆಲ್ಲ ಮನೆಯಲ್ಲೇ ಕಳೆಯಬೇಕು, ನಮ್ಮ ಕಲ್ಯಾಣ ಕರ್ನಾಟಕದಲ್ಲಾದರೆ ಜೇವರ್ಗಿಯ ಹೊರಸಿನ (ನುಲಿ ಮಂಚದ) ಮೇಲೋ, ಹುಮನಾಬಾದಿನ ಪಡಸಾಲೆಯಲ್ಲೋ, ಸುರಪುರದ ಯಾವುದೋ ಓಣಿಯ ಕಟ್ಟೆಯ ಮೇಲೋ. ಒಳಗೆ ಹಾಕಿದ ರಾಡು, ಪ್ಲೇಟುಗಳೇ ಎಲುಬನ್ನು ಕೂಡಿಸುತ್ತವೆ ಎಂದು ಬಹಳ ಮಂದಿ ತಿಳಿದಿರುತ್ತಾರೆ. ಮುರಿದ ತುದಿಗಳು ಸರಿಯದಂತೆ ಹಿಡಿದಿಡುವುದಷ್ಟೇ ಅವುಗಳ ಕೆಲಸ. ಕೂಡಿಸುವುದು ದೇಹ. ಅದಕ್ಕೆ ಬೇಕಾದದ್ದು ಊಟದಿಂದ, ನಿದ್ದೆಯಿಂದ, ಕಾಲಿನ ಮೇಲೆ ಅಳತೆಯಾಗಿ ಬೀಳುವ ಭಾರದಿಂದ ಸಿಗುತ್ತದೆ.

ಮನಸ್ಸಿನ ಪಾತ್ರ ಬರುವುದು ಇಲ್ಲೇ. "ಮನಸ್ಸು ಗಟ್ಟಿ ಇದ್ರ ಎಲ್ಲಾ ಆರಾಮ ಆಗ್ತದ" ಎಂದು ನೋಡಲು ಬಂದವರೆಲ್ಲ ಹೇಳುತ್ತಾರೆ. ಆದರೆ ಬರೀ ಧೈರ್ಯಕ್ಕೆ ಎಲುಬು ಕೂಡುವುದಿಲ್ಲ. ಹೆದರಿದವರು ಏಳುವುದಿಲ್ಲ, ಬೇಸರಗೊಂಡವರು ಉಣ್ಣುವುದಿಲ್ಲ, ಚಿಂತೆ ಹಚ್ಚಿಕೊಂಡವರು ಮಲಗುವುದಿಲ್ಲ. ಮನಸ್ಸು ದೇಹದ ಮೇಲೆ ಕೆಲಸ ಮಾಡುವುದು ಬಹುಪಾಲು ಈ ದಾರಿಯಲ್ಲಿ. ಹಾಗಾಗಿ ದಿನದ ರೂಢಿಯನ್ನು ಸರಿಪಡಿಸಿದರೆ ಮನಸ್ಸಿಗೂ ಹಿಡಿತ ಸಿಗುತ್ತದೆ, ಎಲುಬಿಗೂ ಸಿಗುತ್ತದೆ.

ಒಳಗೆ ಏನು ನಡೆಯುತ್ತಿರುತ್ತದೆ

ಎಲುಬು ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಮೊದಲ ವಾರದ ಬಾವು, ಬಿಸಿ, ನೋವು ದುರಸ್ತಿ ಶುರುವಾದ ಲಕ್ಷಣಗಳೇ. ಎರಡನೇ ವಾರದಿಂದ ಆ ಹೆಪ್ಪಿನ ಜಾಗದಲ್ಲಿ ಮೆತ್ತನೆಯ ಮೃದ್ವಸ್ಥಿ ಬೆಳೆಯುತ್ತದೆ. ಆರರಿಂದ ಹನ್ನೆರಡು ವಾರದಲ್ಲಿ ಅದರೊಳಗೆ ಸುಣ್ಣದಂಶ ಕೂತು ಗಟ್ಟಿಯಾಗುತ್ತದೆ. ಮುಂದೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ, ಹೊಸ ಎಲುಬು ಮೊದಲಿನ ಆಕಾರಕ್ಕೆ ಬರುತ್ತಿರುತ್ತದೆ. ಮಣಿಕಟ್ಟಿಗೆ ಆರು ವಾರ ಸಾಕಾದರೆ, ಮೊಣಕಾಲಿನ ಕೆಳಗಿನ ದೊಡ್ಡ ಎಲುಬಿಗೆ ನಾಲ್ಕೈದು ತಿಂಗಳೂ ಬೇಕಾಗಬಹುದು. ಪಕ್ಕದ ಮನೆಯವರ ಕೈ ಒಂದೂವರೆ ತಿಂಗಳಲ್ಲಿ ಕೂಡಿತು, ನಮ್ಮ ಕಾಲು ಯಾಕೆ ಕೂಡಲಿಲ್ಲ ಎಂದು ಕೊರಗುವವರು ಈ ವ್ಯತ್ಯಾಸ ತಿಳಿದಿರಬೇಕು.

ಎಲುಬು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಗಟ್ಟಿಯಾಗುತ್ತದೆ. ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೂಲ್ಫ್ 1892ರಲ್ಲೇ ಇದನ್ನು ಬರೆದಿಟ್ಟರು. ಭಾರವೇ ಬೀಳದ ಎಲುಬಿನಿಂದ ಸುಣ್ಣದಂಶ ಕರಗಿ ಹೋಗುತ್ತದೆ. ಮುರಿದ ತುದಿಗಳು ಅತಿಯಾಗಿ ಅಲುಗಾಡಿದರೆ ಮೆತ್ತನೆಯ ಹೊಸ ಎಲುಬು ಹರಿದು, ಕೂಡದೇ ಉಳಿಯುತ್ತದೆ. ಡಾಕ್ಟರು ಹೇಳುವ ಅಳತೆ ಈ ಎರಡರ ನಡುವಿನದು.

ಸ್ನಾಯು ಇದಕ್ಕಿಂತ ಬೇಗ ಸೋಲುತ್ತದೆ. ವಯಸ್ಸಾದವರು ಹತ್ತು ದಿನ ಹಾಸಿಗೆ ಹಿಡಿದರೆ ಎರಡೂ ಕಾಲುಗಳಿಂದ ಸುಮಾರು ಒಂದು ಕಿಲೋದಷ್ಟು ಸ್ನಾಯು ಕರಗಬಲ್ಲದು. ಅದನ್ನು ಮತ್ತೆ ಕಟ್ಟಲು ತಿಂಗಳುಗಳೇ ಬೇಕು. ಆಪರೇಷನ್ ಚೆನ್ನಾಗಿ ಆಗಿ, ಎಕ್ಸ್‌ರೇಯಲ್ಲಿ ಎಲುಬು ಚಲೋ ಕೂಡಿ, ಆದರೂ ನಡೆಯಲಾಗದೆ ಉಳಿದ ಹಿರಿಯರು ನಮ್ಮ ಊರುಗಳಲ್ಲಿ ಕಡಿಮೆಯೇನಿಲ್ಲ. ಹಾಸಿಗೆಯಲ್ಲಿ ಕಳೆದ ದಿನಗಳೇ ಅವರನ್ನು ಕೂರಿಸಿಬಿಟ್ಟಿರುತ್ತವೆ.

"ಯವ್ವಾ, ನೀ ಏಳಬ್ಯಾಡ"

ಪ್ರೀತಿಯಿಂದ ಹೇಳುವ ಈ ಮಾತು ನಮ್ಮ ಭಾಗದಲ್ಲಿ ಬಹಳ ಹಾನಿ ಮಾಡುತ್ತಿದೆ. ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಸೇರಿ ಅಜ್ಜಿಗೆ ನೀರು, ಊಟ, ಮೊಬೈಲು ಎಲ್ಲವನ್ನೂ ಹೊರಸಿನ ಮೇಲೇ ತಂದುಕೊಡುತ್ತಾರೆ. ಎದ್ದರೆ ಬೀಳುತ್ತಾಳೆ ಎಂಬ ಅವರ ಹೆದರಿಕೆ ಸಹಜವೇ. ಆದರೆ ಸೊಂಟದ ಎಲುಬಿನ ಆಪರೇಷನ್ ಆದ ಬಹುತೇಕ ಹಿರಿಯರನ್ನು ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುವುದು ಇಂದಿನ ವೈದ್ಯಕೀಯ ಕ್ರಮ. ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುತ್ತದೆ, ಎದೆಯಲ್ಲಿ ಕಫ ನಿಂತು ನ್ಯುಮೋನಿಯಾ ಆಗುತ್ತದೆ, ಬೆನ್ನಿನ ಕೆಳಗೆ ಹಾಸಿಗೆ ಹುಣ್ಣು ಬೀಳುತ್ತದೆ. ಸೊಂಟ ಮುರಿದ ಹಿರಿಯರ ಜೀವಕ್ಕೆ ಅಪಾಯ ತರುವುದು ಹೆಚ್ಚಾಗಿ ಇಂಥ ತೊಂದರೆಗಳೇ.

ಆದ್ದರಿಂದ ಡಿಸ್ಚಾರ್ಜ್ ದಿನ ಔಷಧಿ ಚೀಟಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ: ಈ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು? ಉತ್ತರ ಮೂರು ಬಗೆಯದ್ದಿರುತ್ತದೆ: ಪೂರ್ತಿ ಹಾಕಬಹುದು, ಅರ್ಧಮರ್ಧ ಹಾಕಬಹುದು, ಏನೂ ಹಾಕಬಾರದು. ಅದನ್ನು ಕಾಗದದ ಮೇಲೆ ಬರೆಸಿಕೊಳ್ಳಿ, ಎಷ್ಟು ವಾರ ಎಂಬುದನ್ನೂ ಬರೆಸಿಕೊಳ್ಳಿ. "ಸ್ವಲ್ಪ ಸ್ವಲ್ಪ ಊರಬಹುದು" ಎಂದಷ್ಟೇ ಹೇಳಿದರೆ ಎಷ್ಟು ಕಿಲೋ ಎಂದು ಕೇಳಿ. 20 ಕಿಲೋ ಅಂದರೆ, ಮನೆಯಲ್ಲಿ ತೂಕದ ಯಂತ್ರ ಇಟ್ಟು, ವಾಕರ್ ಹಿಡಿದು ನಿಂತು, ಆ ಕಾಲನ್ನು ಯಂತ್ರದ ಮೇಲಿಟ್ಟು ಮುಳ್ಳು 20ಕ್ಕೆ ಬರುವ ತನಕ ಒತ್ತಿ ನೋಡಬೇಕು. ಹತ್ತು ಸಲ ಹೀಗೆ ಮಾಡಿದರೆ ಆ ಅಳತೆ ಕಾಲಿಗೇ ಗೊತ್ತಾಗುತ್ತದೆ. ಎಷ್ಟು ಊರಬಹುದೋ ಏನೋ ಎಂಬ ಅಂಜಿಕೆ ಅಲ್ಲಿಗೆ ಅರ್ಧ ಇಳಿಯುತ್ತದೆ.

ಏಳುವುದಕ್ಕೂ ಒಂದು ಕ್ರಮವಿದೆ. ಮಲಗಿದವರು ಮೊದಲು ಹಾಸಿಗೆಯ ಅಂಚಿಗೆ ಬಂದು ಎರಡೂ ಪಾದ ನೆಲಕ್ಕೆ ಊರಿ ಒಂದೆರಡು ನಿಮಿಷ ಕೂರಬೇಕು. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ, ನೀರು ಕಡಿಮೆ ಕುಡಿದವರಿಗೆ ತಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಕೂತಲ್ಲಿಂದ ಏಳುವಾಗ ಕೈ ಊರುವುದು ಹಾಸಿಗೆಯ ಮೇಲೆ. ವಾಕರನ್ನು ಹಿಡಿದೆಳೆದು ಏಳಹೋದರೆ ಅದೇ ಮೈಮೇಲೆ ಬರುತ್ತದೆ. ನಿಂತ ಮೇಲೆ ವಾಕರ್ ಒಂದು ಹೆಜ್ಜೆ ಮುಂದಿಟ್ಟು, ಆಮೇಲೆ ಆಪರೇಷನ್ ಆದ ಕಾಲು, ಕೈಗಳ ಮೇಲೆ ಭಾರ ಬಿಟ್ಟು ಕೊನೆಗೆ ಒಳ್ಳೆಯ ಕಾಲು. ಮುಂದೆ ಕೋಲಿಗೆ ಬಂದಾಗ ಕೋಲು ಇರಬೇಕಾದದ್ದು ಒಳ್ಳೆಯ ಕಾಲಿನ ಕಡೆಯ ಕೈಯಲ್ಲಿ. ನೋವಿರುವ ಕಡೆಯೇ ಕೋಲು ಹಿಡಿಯುವುದು ಎಲ್ಲರೂ ಮಾಡುವ ತಪ್ಪು. ಹಾಗೆ ಹಿಡಿದರೆ ಮೈ ಆ ಕಡೆಗೇ ವಾಲಿ ಸೊಂಟದ ಮೇಲೆ ಭಾರ ಹೆಚ್ಚುತ್ತದೆ. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿಕೆ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು. ಅಜ್ಜನ ಹಳೆಯ ಕೋಲು ಸಾಮಾನ್ಯವಾಗಿ ಉದ್ದವೇ ಇರುತ್ತದೆ, ಕೊಯ್ಸಿ ಕೆಳಗೆ ರಬ್ಬರಿನ ಬುಡ ಹಾಕಿಸಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ಹಾಸಿಗೆಯಲ್ಲೇ ಮಾಡುವ ಕಸರತ್ತು ಎರಡು ಇದ್ದರೆ ಶುರುವಿಗೆ ಸಾಕು. ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಎಚ್ಚರ ಇರುವ ಪ್ರತಿ ತಾಸಿಗೆ 10ರಿಂದ 15 ಸಲ. ಇದು ಮೀನಖಂಡದಿಂದ ರಕ್ತವನ್ನು ಮೇಲಕ್ಕೆ ದೂಡುತ್ತದೆ. ಇನ್ನೊಂದು, ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಮೊಣಕಾಲಿನಿಂದ ಕೆಳಕ್ಕೆ ಒತ್ತಿ 5 ಸೆಕೆಂಡು ಬಿಗಿ ಹಿಡಿಯುವುದು, 10 ಸಲ, ದಿನಕ್ಕೆ ಮೂರು ನಾಲ್ಕು ಹೊತ್ತು. ತೊಡೆಯ ಮುಂದಿನ ಸ್ನಾಯು ಗಟ್ಟಿಯಾಗಿ ಉಬ್ಬುವುದು ಕೈಗೆ ಸಿಗಬೇಕು, ಸಿಗದಿದ್ದರೆ ಒತ್ತುತ್ತಿರುವುದು ಹಿಮ್ಮಡಿಯಿಂದ ಎಂದರ್ಥ. ಮೂರು ಚೆಂಡಿನ ಉಸಿರಾಟದ ಡಬ್ಬಿ ಕೊಟ್ಟಿದ್ದರೆ ಅದನ್ನು ಊದಬೇಡಿ. ಕೊಳವೆ ಬಾಯಲ್ಲಿಟ್ಟು ಉಸಿರನ್ನು ನಿಧಾನ ಒಳಕ್ಕೆ ಎಳೆಯಬೇಕು, ಚೆಂಡು ಮೇಲೇರಿದಾಗ ಎರಡು ಮೂರು ಸೆಕೆಂಡು ಹಿಡಿಯಬೇಕು. ಎಷ್ಟೋ ಮನೆಗಳಲ್ಲಿ ಅದನ್ನು ತಿಂಗಳುಗಟ್ಟಲೆ ಊದಿ, ಚೆಂಡೇ ಏಳುವುದಿಲ್ಲ ಎಂದು ಮೂಲೆಗಿಟ್ಟಿರುತ್ತಾರೆ.

ಈ ಕಸರತ್ತುಗಳನ್ನು "ನೆನಪಾದಾಗ ಮಾಡ್ತೀನಿ" ಎಂದವರು ಮಾಡುವುದಿಲ್ಲ. ಈಗಾಗಲೇ ತಪ್ಪದೆ ನಡೆಯುವ ಯಾವುದಾದರೂ ಕೆಲಸಕ್ಕೆ ಕಟ್ಟಿಹಾಕಬೇಕು. ಮುಂಜಾನೆ ಚಹಾ ಕಪ್ಪು ಕೆಳಗಿಟ್ಟ ಕೂಡಲೇ ಒಂದು ಸುತ್ತು, ಸಂಜೆ ದೀಪ ಹಚ್ಚಿದ ಮೇಲೆ ಒಂದು ಸುತ್ತು. ಐದು ಹೊತ್ತು ನಮಾಜ್ ಮಾಡುವ ಮನೆಗಳಲ್ಲಂತೂ ದಿನ ಆಗಲೇ ಐದು ಪಾಲಾಗಿರುತ್ತದೆ, ಪ್ರತಿ ಅಜಾನಿನ ನಂತರ ಪಡಸಾಲೆಯಲ್ಲಿ ಎರಡು ಸುತ್ತು ನಡೆದರೆ ದಿನಕ್ಕೆ ಹತ್ತು ಸುತ್ತು. ನೆಲಕ್ಕೆ ಕೂರಲಾಗದವರು ಕುರ್ಚಿಯ ಮೇಲೆ ಕೂತೇ ನಮಾಜ್ ಮಾಡಲು ಅವಕಾಶವಿದೆ. ಲಿಂಗಪೂಜೆಯನ್ನೂ ಎತ್ತರದ ಕುರ್ಚಿಯಲ್ಲಿ ಕೂತು ಮಾಡಬಹುದು. ಪೂಜೆ ಬಿಟ್ಟುಹೋಯಿತು ಎಂಬ ಅಳುಕಿಗೆ ನೆಲಕ್ಕೆ ಕೂರಹೋಗಿ ಬೀಳುವವರಿದ್ದಾರೆ, ಅದಕ್ಕೇ ಇಷ್ಟು ಬಿಡಿಸಿ ಹೇಳಿದ್ದು.

ಮನೆ ಸಾಮಾನುಗಳೇ ತೊಡಕಾಗುವ ಬಗೆ

ಹೊರಸು ನಮ್ಮ ಕಡೆಯ ಮನೆಮನೆಯ ಸಾಮಾನು. ಆದರೆ ನುಲಿ ಸಡಿಲಾಗಿ ನಡು ಜೋತುಬಿದ್ದ ಹೊರಸಿನಲ್ಲಿ ಕೂತರೆ ಸೊಂಟ ಮೊಣಕಾಲಿಗಿಂತ ಕೆಳಗೆ ಹೋಗುತ್ತದೆ. ಸೊಂಟದ ಕೀಲು ಬದಲಾಯಿಸಿಕೊಂಡವರಿಗೆ ಇದು ಅಪಾಯ, ಕೀಲು ಜಾರಬಹುದು. ಅವರು ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಮಡಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು, ಚಕ್ಕಳಮಕ್ಕಳ ಹಾಕಬಾರದು. ಎಷ್ಟು ವಾರ ಎಂಬುದನ್ನು ಆಪರೇಷನ್ ಮಾಡಿದವರೇ ಹೇಳಬೇಕು. ಉಳಿದವರಿಗೂ ಜೋತ ಹೊರಸಿನಿಂದ ಏಳುವುದು ದೊಡ್ಡ ಹೋರಾಟ. ಹಲಗೆಯ ಮಂಚ ಇದ್ದರೆ ಚಲೋ. ಇಲ್ಲದಿದ್ದರೆ ನುಲಿ ಬಿಗಿಸಿ, ಕಾಲುಗಳ ಕೆಳಗೆ ಅಲುಗದಂಥ ಇಟ್ಟಿಗೆ ಕೊಟ್ಟು, ಕೂತಾಗ ತೊಡೆ ನೆಲಕ್ಕೆ ಸಮ ಅಥವಾ ಸ್ವಲ್ಪ ಇಳಿಜಾರು ಇರುವಷ್ಟು ಎತ್ತರಿಸಿ.

ಶಹಾಬಾದ್ ಕಲ್ಲಿನ ನೆಲ ಒಣಗಿದ್ದಾಗ ಒಳ್ಳೆಯದು, ತೊಯ್ದರೆ ಸವೆದ ಕಲ್ಲು ಎಣ್ಣೆ ಹಚ್ಚಿದಂತಿರುತ್ತದೆ. ಬೇಸಿಗೆಯಲ್ಲಿ ಕೂಲರಿನಿಂದ ಹನಿಯುವ ನೀರು ಸಂದಿಗುಂಟ ಹರಿದು ಸರಿಯಾಗಿ ಹೊರಸಿನ ಕಾಲಬುಡದಲ್ಲೇ ನಿಲ್ಲುತ್ತದೆ. ಕೂಲರನ್ನು ಕಿಟಕಿಯ ಹೊರಗಿಡಿ, ಇಲ್ಲವೇ ಕೆಳಗೆ ತಟ್ಟೆ ಇಡಿ. ನಡೆಯುವ ದಾರಿಯಲ್ಲಿ ಹಾಸಿದ ಕೌದಿ, ಚಾಪೆ, ಫ್ಯಾನಿನ ವೈರು ತೆಗೆಯಿರಿ. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿ ಹಿಡಿಯುವ ಪಟ್ಟಿ ಇರುವ ಚಪ್ಪಲಿಯೇ ಬೇಕು.

ಇನ್ನು ಪಾಯಖಾನೆಯ ಮಾತು. ಕುಕ್ಕರಗಾಲಲ್ಲಿ ಕೂರಲು ಮೊಣಕಾಲು ಪೂರ್ತಿ ಮಡಚಬೇಕು, ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ಅದು ಆಗದ ಮಾತು. ನಡುವೆ ತೂತಿರುವ ಕಮೋಡ್ ಕುರ್ಚಿ ಔಷಧಿ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ, ಪಾಯಖಾನೆಯ ಮೇಲೆಯೇ ಇಟ್ಟುಕೊಳ್ಳಬಹುದು. ಹಳ್ಳಿಗಳಲ್ಲಿ, ಮುಖ್ಯವಾಗಿ ಹೆಣ್ಣುಮಕ್ಕಳು, ಸೊಸೆಗೆ ತ್ರಾಸು ಆಗಬಾರದೆಂದು ನೀರು ಕುಡಿಯುವುದನ್ನೇ ಬಿಡುತ್ತಾರೆ, ಉಣ್ಣುವುದನ್ನು ಅರ್ಧ ಮಾಡುತ್ತಾರೆ. ಬಾಯಿಬಿಟ್ಟು ಯಾರಿಗೂ ಹೇಳುವುದಿಲ್ಲ. ಎರಡೇ ದಿನದಲ್ಲಿ ಮಲಬದ್ಧತೆ, ಉರಿಮೂತ್ರ, ತಲೆಸುತ್ತು ಶುರು. ಬಲವಾದ ನೋವಿನ ಮಾತ್ರೆಗಳು ಮಲಬದ್ಧತೆಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ಬಿಸಿಲು 42 ಡಿಗ್ರಿ ಮುಟ್ಟುವ ಏಪ್ರಿಲ್‌–ಮೇ ತಿಂಗಳಲ್ಲಿ ಹೃದಯ, ಮೂತ್ರಪಿಂಡದ ತೊಂದರೆ ಇಲ್ಲದವರು ದಿನಕ್ಕೆ ಎರಡೂವರೆ ಲೀಟರಾದರೂ ಕುಡಿಯಬೇಕು, ಮಜ್ಜಿಗೆಯನ್ನೂ ಸೇರಿಸಿ. ಮನೆಯವರು ಕೇಳಬೇಕಾದದ್ದು "ನೀರು ಬೇಕಾ" ಎಂದಲ್ಲ, ಒಂದು ಲೀಟರಿನ ಬಾಟಲಿ ತುಂಬಿಟ್ಟು ಮಧ್ಯಾಹ್ನದ ಹೊತ್ತಿಗೆ ಖಾಲಿ ಆಯಿತೇ ಎಂದು ನೋಡಬೇಕು. ಪಾಯಖಾನೆಗೆ ಹೋಗುವ ವ್ಯವಸ್ಥೆ ಸಲೀಸಾದರೆ ಊಟ ನೀರು ತಾವೇ ಸರಿಯಾಗುತ್ತವೆ.

ಪಥ್ಯದ ಹೆಸರಿನಲ್ಲಿ ಉಪವಾಸ

ಹೊಲಿಗೆ ಬಿದ್ದಿದೆ, ಬೇಳೆ ತಿಂದರೆ ಕೀವಾಗುತ್ತದೆ, ಮೊಟ್ಟೆ ನಂಜು, ಬದನೆಕಾಯಿ ನಂಜು, ಹಾಲು ಬೇಡ. ಕೊನೆಗೆ ಉಳಿಯುವುದು ಗಂಜಿ, ಬ್ರೆಡ್ಡು, ಚಹಾ. ಗಾಯದಲ್ಲಿ ಕೀವಾಗುವುದು ರೋಗಾಣುಗಳಿಂದ, ಹಿಡಿತ ತಪ್ಪಿದ ಸಕ್ಕರೆಯಿಂದ, ಕೊಳೆಯಾದ ಬ್ಯಾಂಡೇಜಿನಿಂದ. ಬೇಳೆಗೂ ಕೀವಿಗೂ ಸಂಬಂಧವಿಲ್ಲ. ತದ್ವಿರುದ್ಧವಾಗಿ, ಗಾಯ ಕೂಡಲು ಬೇಕಾದ ನಾರು, ಸ್ನಾಯು, ಎಲುಬಿನ ಚೌಕಟ್ಟು ಮೂರೂ ಪ್ರೋಟೀನಿನಿಂದಲೇ ಆಗುವಂಥವು.

ಸಾಮಾನ್ಯ ದಿನಗಳಲ್ಲಿ ಮೈತೂಕದ ಒಂದು ಕಿಲೋಗೆ 0.8 ಗ್ರಾಂ ಪ್ರೋಟೀನು ಸಾಕಾದರೆ, ಎಲುಬು ಮುರಿದ ಹಿರಿಯರಿಗೆ 1.2ರಿಂದ 1.5 ಗ್ರಾಂ ಬೇಕು. 50 ಕಿಲೋ ತೂಕದವರಿಗೆ ದಿನಕ್ಕೆ 60ರಿಂದ 75 ಗ್ರಾಂ. ಇದಕ್ಕಾಗಿ ಡಬ್ಬಿಯ ಪುಡಿ ಕೊಳ್ಳಬೇಕಿಲ್ಲ, ನಮ್ಮ ಅಡುಗೆಮನೆಯಲ್ಲೇ ಇದೆ. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 5 ಗ್ರಾಂ ಪ್ರೋಟೀನು, ದಿನಕ್ಕೆ ಮೂರು ರೊಟ್ಟಿ ಅಂದರೆ 15. ಎರಡು ಹೊತ್ತಿಗೆ ಸೇರಿ 60 ಗ್ರಾಂ ತೊಗರಿಬೇಳೆ ಅಂದರೆ 13. ಎರಡು ದೊಡ್ಡ ಲೋಟ ಹಾಲು, ಒಟ್ಟು 400 ಮಿಲಿ, 12. ಎರಡು ಮೊಟ್ಟೆ, ಅಥವಾ 50 ಗ್ರಾಂ ಒಣ ಹೆಸರುಕಾಳಿನ ಉಸುಳಿ, 12. ಒಂದು ಹಿಡಿ ಶೇಂಗಾ ಅಥವಾ ಅಷ್ಟೇ ಶೇಂಗಾದ ಹಿಂಡಿ (ಚಟ್ನಿಪುಡಿ), 7. ಒಂದು ಬಟ್ಟಲು ಮೊಸರು, 5. ಕೂಡಿಸಿದರೆ 64 ಗ್ರಾಂ ಆಯಿತು.

ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ತೊಗರಿಯಲ್ಲಿ ಅದು ಹೇರಳ. ರೊಟ್ಟಿ–ಬ್ಯಾಳಿ ಕೂಡಿದ ಊಟ ಹಿರಿಯರು ಕಂಡುಕೊಂಡ ಲೆಕ್ಕಾಚಾರ, ವಿಜ್ಞಾನವೂ ಅದನ್ನೇ ಹೇಳುತ್ತದೆ. 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ಕಲಬುರಗಿ ತೊಗರಿ ಬೆಳೆಯುವ ನೆಲದಲ್ಲೇ ರೋಗಿಗೆ ಬೇಳೆ ಬಿಡಿಸುವುದು ನಿಜಕ್ಕೂ ನೋವಿನ ಸಂಗತಿ. ಒಂದು ಎಚ್ಚರಿಕೆ: ಮೇಲಿನ ತಿಳಿಯನ್ನಷ್ಟೇ ಬಡಿಸಿದರೆ ಪ್ರೋಟೀನು ಪಾತ್ರೆಯ ತಳದಲ್ಲೇ ಉಳಿಯುತ್ತದೆ, ಗಟ್ಟಿ ಬ್ಯಾಳಿಯನ್ನೇ ಬಡಿಸಬೇಕು. ಹಲ್ಲಿಲ್ಲದವರಿಗೆ ಖಟಕ ರೊಟ್ಟಿ ಬೇಡ, ಬಿಸಿ ರೊಟ್ಟಿ ಮುರಿದು ಹಾಲಿನಲ್ಲೋ ಬ್ಯಾಳಿಯಲ್ಲೋ ನೆನೆಸಿ ಕೊಡಿ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಪ್ರೋಟೀನಿನ ಅಳತೆಯನ್ನು ಡಾಕ್ಟರರನ್ನು ಕೇಳಿಯೇ ಇಟ್ಟುಕೊಳ್ಳಬೇಕು.

ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆ ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ, ಚಹಾದ ಜೊತೆ ನುಂಗಿದರೂ ಅಷ್ಟೇ. ನಡುವೆ ಎರಡು ತಾಸು ಬಿಡಿ. ಕಬ್ಬಿಣದ ಜೊತೆ ನೆಲ್ಲಿಕಾಯಿ, ಪೇರಲ, ನಿಂಬೆ ಇದ್ದರೆ ಚೆನ್ನಾಗಿ ಹತ್ತುತ್ತದೆ. ಮುಂಜಾನೆ ಏಳರ ಎಳೆಬಿಸಿಲಿನಲ್ಲಿ ಡಿ ಜೀವಸತ್ವ ಹೆಚ್ಚೇನೂ ಹುಟ್ಟುವುದಿಲ್ಲ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡ ಇರುವ ಹೊತ್ತೇ ಬೇಕು, ಅಂದರೆ ಬೇಸಿಗೆಯಲ್ಲಿ ಒಂಬತ್ತೂವರೆ ಸುಮಾರಿಗೆ, ಚಳಿಗಾಲದಲ್ಲಿ ಹನ್ನೊಂದೂವರೆ ಸುಮಾರಿಗೆ, ಕೈಕಾಲು ತೆರೆದು 15–20 ನಿಮಿಷ. ಬೇಸಿಗೆಯಲ್ಲಿ ಅದಕ್ಕಿಂತ ತಡ ಮಾಡುವುದು ಬೇಡ.

ಸಕ್ಕರೆ ಕಾಯಿಲೆ ಇದ್ದವರ ರಕ್ತದ ಸಕ್ಕರೆ ಮೇಲಿಂದ ಮೇಲೆ 180 ದಾಟುತ್ತಿದ್ದರೆ ಗಾಯ ಸೋಂಕಾಗುವ ಸಾಧ್ಯತೆ ಏರುತ್ತದೆ. ತಂಬಾಕಿನ ಮಾತೂ ಇಲ್ಲೇ ಹೇಳಬೇಕು. ಬೀಡಿ ಬಿಟ್ಟಿದ್ದೇನೆ, ಬರೀ ಎಲೆ ಅಡಿಕೆಗೆ ತಂಬಾಕು ಹಾಕಿಕೊಳ್ಳುತ್ತೇನೆ ಎನ್ನುವವರ ಮೈಗೂ ನಿಕೋಟಿನ್ ಸೇರುತ್ತದೆ. ಗುಟ್ಕಾ, ಹಲ್ಲಿಗೆ ತಿಕ್ಕುವ ತಂಬಾಕಿನ ಪುಡಿ ಎಲ್ಲದರಲ್ಲೂ ಅದೇ ಇದೆ. ಅದು ಸಣ್ಣ ರಕ್ತನಾಳಗಳನ್ನು ಬಿಗಿಸಿ, ಎಲುಬು ಕಟ್ಟುವ ಕಣಗಳನ್ನು ಮಂಕಾಗಿಸುತ್ತದೆ. ಹಾಸಿಗೆ ಹಿಡಿದವರಿಗೆ ಹೊತ್ತು ಹೋಗಲೆಂದು ತಂಬಾಕು ತಂದುಕೊಡುವ ಗೆಳೆಯರು ದಯವಿಟ್ಟು ಬರಿಗೈಯಲ್ಲಿ ಬನ್ನಿ. ಬಿಡಲು ನೆರವು ಬೇಕಾದವರಿಗೆ 1800-11-2356 ಉಚಿತ ಸಹಾಯವಾಣಿ ಇದೆ.

ನೋವು, ಹೆದರಿಕೆ, ಮಾತಾಡಿಸಲು ಬರುವವರು

ನೋವಾದರೆ ಒಳಗೆ ಏನೋ ಮತ್ತೆ ಮುರಿಯುತ್ತಿದೆ ಎಂದು ಮನಸ್ಸು ಹೇಳುತ್ತದೆ. ಮೊದಲ ದಿನಗಳಲ್ಲಿ ಆ ಎಚ್ಚರ ಬೇಕು. ಆದರೆ ವಾರಗಳು ಕಳೆದಂತೆ ನರಗಳು ಸಣ್ಣ ಎಳೆತಕ್ಕೂ ದೊಡ್ಡ ಗದ್ದಲ ಎಬ್ಬಿಸಲು ಕಲಿತುಬಿಡುತ್ತವೆ. ಹೆದರಿಕೆಯಿಂದ ಕಾಲು ಆಡಿಸದಿದ್ದರೆ ಕೀಲು ಬಿಗಿಯುತ್ತದೆ, ಸ್ನಾಯು ಸೊರಗುತ್ತದೆ. ಬಿಗಿದ ಕೀಲು ಮುಂದಿನ ಸಲ ಆಡಿಸಿದಾಗ ಇನ್ನೂ ಹೆಚ್ಚು ನೋಯುತ್ತದೆ, ಹೆದರಿಕೆ ಮತ್ತೊಂದು ಪಟ್ಟು ಬೆಳೆಯುತ್ತದೆ. ಈ ಸುಳಿಯಿಂದ ಹೊರಬರಲು ಯಾವ ನೋವು ಎಂಥದು ಎಂದು ಗುರುತಿಸಲು ಬರಬೇಕು. ಕಸರತ್ತಿನ ಹೊತ್ತಿಗೆ ಎಳೆದಂತೆ, ಜಗ್ಗಿದಂತೆ ಆಗಿ ತಾಸಿನೊಳಗೆ ಇಳಿಯುವ ನೋವು ಕೀಲು ಬಿಚ್ಚಿಕೊಳ್ಳುತ್ತಿರುವ ನೋವು. ಮುರಿದ ಜಾಗದಲ್ಲೇ ಚುಚ್ಚಿದಂತೆ ಬಂದು, ಕಾಲೂರಲೇ ಆಗದಂತೆ ಮಾಡುವ ನೋವಾದರೆ ನಿಲ್ಲಿಸಿ ಡಾಕ್ಟರರಲ್ಲಿ ಹೋಗಬೇಕು.

ಅಳತೆ ಹೀಗಿಟ್ಟುಕೊಳ್ಳಿ. ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ನೀವೇ ಕೊಟ್ಟುಕೊಳ್ಳಿ. ಕಸರತ್ತಿನಿಂದ ಅದು ಎರಡು ಅಂಕದಷ್ಟು ಏರಿದರೆ ಅಡ್ಡಿಯಿಲ್ಲ, ಮರುದಿನ ಮುಂಜಾನೆ ಮೊದಲಿದ್ದಲ್ಲಿಗೆ ಇಳಿದಿರಬೇಕು. ಇಳಿಯದಿದ್ದರೆ ನಿನ್ನೆ ಮಾಡಿದ್ದು ಹೆಚ್ಚಾಯಿತು, ಇವತ್ತು ಅರ್ಧ ಮಾಡಿ. ಪೂರ್ತಿ ಬಿಡಬೇಡಿ. ಇದಕ್ಕಿಂತ ಹೆಚ್ಚಾಗಿ ಎಡವುವುದು ಚಲೋ ಅನಿಸಿದ ದಿನ. ಅವತ್ತು ಹುರುಪಿನಲ್ಲಿ ಓಣಿಯ ತುದಿತನಕ ಹೋಗಿ ಬಂದು, ಮುಂದೆ ಮೂರು ದಿನ ಮಲಗುತ್ತಾರೆ. ನಡಿಗೆಯನ್ನು ವಾರಕ್ಕೆ ಹತ್ತನೇ ಒಂದು ಪಾಲಿನಷ್ಟು ಏರಿಸುತ್ತ ಹೋಗುವುದು ಸುರಕ್ಷಿತ. ನೋವಿನ ಮಾತ್ರೆಯನ್ನು ಕಸರತ್ತಿಗೆ ಅರ್ಧ ಮುಕ್ಕಾಲು ತಾಸು ಮೊದಲು ತೆಗೆದುಕೊಂಡರೆ ಅದರ ಪೂರ್ಣ ಲಾಭ ಸಿಗುತ್ತದೆ.

ಮಾತಾಡಿಸಲು ಬರುವವರು ಪ್ರೀತಿಯಿಂದಲೇ ಬರುತ್ತಾರೆ. ಕೂತು ಹೇಳುವುದು ಮಾತ್ರ ಯಾರದೋ ರಾಡು ಬಾಗಿದ ಕಥೆ, ಯಾರದೋ ಕಾಲು ಗಿಡ್ಡವಾದ ಕಥೆ, "ಈ ವಯಸ್ಸಿನಾಗ ಇನ್ನ ನಡಿಯೋದು ಎಲ್ಲಿ ಬಂತು" ಎಂಬ ಉದ್ಗಾರ. ಕೆಟ್ಟದ್ದನ್ನು ನಿರೀಕ್ಷಿಸುವವರಿಗೆ ಅದೇ ಗಾಯ ಹೆಚ್ಚು ನೋಯುತ್ತದೆ ಎಂಬುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಮನೆಯವರು ಯಾರಾದರೂ ಒಬ್ಬರು ಪಕ್ಕದಲ್ಲಿದ್ದು ಮಾತನ್ನು ಬೇರೆಡೆ ತಿರುಗಿಸಬೇಕು, ಮಧ್ಯಾಹ್ನ ಎರಡು ಗಂಟೆಯಿಂದ ನಾಲ್ಕರ ತನಕ ಭೇಟಿ ಬೇಡ ಎಂದು ವಿನಯದಿಂದ ಹೇಳಬೇಕು.

ಮನಸ್ಸಿನ ಒತ್ತಡ ಗಾಯದ ಮೇಲೆ ನೇರವಾಗಿಯೂ ಸ್ವಲ್ಪ ಕೆಲಸ ಮಾಡುತ್ತದೆ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜ್ಯಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು 1995ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಮರೆವಿನ ಕಾಯಿಲೆಯವರನ್ನು ವರ್ಷಗಟ್ಟಲೆ ನೋಡಿಕೊಳ್ಳುತ್ತಿದ್ದ ಹೆಂಗಸರ ತೋಳಿನ ಮೇಲೆ 3.5 ಮಿಲಿಮೀಟರಿನ ಪುಟ್ಟ ಗಾಯ ಮಾಡಿ, ಅದೇ ವಯಸ್ಸಿನ ಬೇರೆ ಹೆಂಗಸರೊಂದಿಗೆ ಹೋಲಿಸಿದರು. ನೋಡಿಕೊಳ್ಳುತ್ತಿದ್ದವರ ಗಾಯ ಒಣಗಲು ಸರಾಸರಿ ಒಂಬತ್ತು ದಿನ ಹೆಚ್ಚು ಬೇಕಾಯಿತು. ಅದೇ ತಂಡ 2005ರಲ್ಲಿ 42 ದಂಪತಿಗಳನ್ನು ಪರೀಕ್ಷಿಸಿದಾಗ, ಜಗಳದಲ್ಲಿ ಕಟುವಾಗಿ ನಡೆದುಕೊಳ್ಳುವ ಜೋಡಿಗಳ ಗಾಯ ಉಳಿದವರ 60 ಶೇಕಡಾ ವೇಗದಲ್ಲಷ್ಟೇ ಒಣಗಿತು. ಕಾರ್ಟಿಸಾಲ್ ಎಂಬ ಹಾರ್ಮೋನು ಏರಿ, ಗಾಯದ ಜಾಗಕ್ಕೆ ದುರಸ್ತಿಯ ಕಣಗಳನ್ನು ಕರೆಸುವ ಸಂದೇಶಗಳು ಕುಗ್ಗುವುದು ಇದಕ್ಕೆ ಒಂದು ಕಾರಣ. ಈ ಮಾತಿನಲ್ಲಿ ನೋಡಿಕೊಳ್ಳುವವರಿಗೂ ಪಾಠವಿದೆ: ಹಗಲು ರಾತ್ರಿ ಒಬ್ಬಳೇ ಸೊಸೆಯ ಮೇಲೆ ಹೊರೆ ಹಾಕಿದರೆ ಆಕೆಯ ಆರೋಗ್ಯವೂ ಕೆಡುತ್ತದೆ. ಗಂಡಸರು ಕೈ ಜೋಡಿಸಲೇಬೇಕು.

ಮನೆಯ ಒತ್ತಡದ ಬೇರು ಬಹಳ ಸಲ ದುಡ್ಡು. ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕದ ಚಿಕಿತ್ಸೆಗೆ ಅವಕಾಶವಿದೆ. ಸಾಲ ಎತ್ತುವ ಮೊದಲು ಆಸ್ಪತ್ರೆಯ ಸಹಾಯ ಮೇಜಿನಲ್ಲಿ ಇದನ್ನು ಕೇಳಿ.

ನಿದ್ದೆಯ ವಿಷಯಕ್ಕೆ ಬಂದರೆ, ಗಾಢ ನಿದ್ದೆಯಲ್ಲೇ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಬಿಡುಗಡೆಯಾಗುವುದು. ಬೇಸಿಗೆಯಲ್ಲಿ ಎಲ್ಲರೂ ಮಾಳಿಗೆಗೆ ಹೋಗುತ್ತಾರೆಂದು ರೋಗಿಯನ್ನು ನಿಚ್ಚಣಿಕೆ ಹತ್ತಿಸಬೇಡಿ, ಅಂಗಳದಲ್ಲೋ ಕಟ್ಟೆಯ ಮಗ್ಗುಲಲ್ಲೋ ಹಾಸಿಗೆ ಮಾಡಿ. ಹಗಲು ಅರ್ಧ ತಾಸಿಗಿಂತ ಹೆಚ್ಚು ಮಲಗಿದರೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಮಲಗುವ ಮುಂಚೆ ಐದು ನಿಮಿಷ ನಾಲ್ಕು ಎಣಿಕೆಗೆ ಉಸಿರೆಳೆದು ಆರು ಎಣಿಕೆಗೆ ಬಿಟ್ಟರೆ ಎದೆಬಡಿತ ತಗ್ಗುತ್ತದೆ. ವಚನವೋ ತಸ್ಬೀಹ್ ಎಣಿಕೆಯೋ ಅದೇ ಲಯದಲ್ಲಿ ಆಗುವುದಾದರೆ ಇನ್ನೂ ಒಳ್ಳೆಯದು.

ಗುರಿ ಎಂಬುದು ಕಣ್ಣಿಗೆ ಕಾಣುವಂತಿರಬೇಕು. "ಬೇಗ ಆರಾಮ ಆಗಬೇಕು" ಎಂಬುದರ ಬದಲು, ಈ ವಾರ ಯಾರ ಕೈಯನ್ನೂ ಹಿಡಿಯದೆ ಬಚ್ಚಲತನಕ, ಮುಂದಿನ ವಾರ ಕಟ್ಟೆಯತನಕ, ಹೋಳಿಯಾದ ಐದನೇ ದಿನ ಶರಣಬಸವೇಶ್ವರರ ತೇರು ಎಳೆಯುವ ಹೊತ್ತಿಗೆ ಕೋಲು ಹಿಡಿದು ಗುಡಿಯ ಅಂಗಳತನಕ. ಗೋಡೆಯ ಕ್ಯಾಲೆಂಡರಿನಲ್ಲಿ ದಿನದ ಸುತ್ತುಗಳನ್ನು ಗೀಟು ಹಾಕಿ. ಎರಡು ವಾರ ಕಳೆದು ಹಿಂತಿರುಗಿ ನೋಡಿದಾಗ, ಏನೂ ಸುಧಾರಿಸಿಲ್ಲ ಎಂದು ಹೇಳುತ್ತಿದ್ದ ಮನಸ್ಸಿಗೆ ಆ ಗೀಟುಗಳು ಉತ್ತರ ಕೊಡುತ್ತವೆ.

ಎರಡು ವಾರಕ್ಕೂ ಮೀರಿ ಊಟ ಬೇಡ, ಮಾತು ಬೇಡ, ಬದುಕಿದ್ದು ಏನು ಪ್ರಯೋಜನ ಎನ್ನುತ್ತಿದ್ದರೆ ಅದು ಖಿನ್ನತೆಯಾಗಿರಬಹುದು, ಅದಕ್ಕೂ ಔಷಧಿ ಇದೆ. ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. "ನಿನ್ನ ಮನಸ್ಸೇ ಗಟ್ಟಿ ಇಲ್ಲ" ಎಂದು ಅವರನ್ನೇ ದೂರುವುದು ಗಾಯದ ಮೇಲೆ ಇನ್ನೊಂದು ಗಾಯ.

ಕಾಯಬಾರದ ಹೊತ್ತು

ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ತಟ್ಟನೆ ಉಸಿರು ಕಟ್ಟುವುದು, ಎದೆ ನೋವು, ಇವು ರಕ್ತ ಹೆಪ್ಪಾಗಿರುವ ಲಕ್ಷಣ. ಉಸಿರು ಕಟ್ಟಿದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಗಾಯದಿಂದ ಕೀವು, ಸುತ್ತಲೂ ಹರಡುವ ಕೆಂಪು, ಚಳಿಜ್ವರ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಪ್ಲಾಸ್ಟರ್ ಹಾಕಿದ ಮೇಲೆ ಬೆರಳು ಜೋಮು ಹಿಡಿದು, ಬಣ್ಣಗೆಟ್ಟು, ಬೆರಳನ್ನು ಮೆಲ್ಲಗೆ ನೆಟ್ಟಗೆ ಮಾಡಿದರೂ ತಡೆಯಲಾರದ ನೋವು ಬಂದರೆ ಅದು ತಾಸುಗಳ ಲೆಕ್ಕದ ತುರ್ತು. ಒಳಗಿನ ಸ್ನಾಯು ರಕ್ತವಿಲ್ಲದೆ ಸಾಯುತ್ತಿರುತ್ತದೆ. ಬಿದಿರ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟುವ ನಾಟಿ ಕಟ್ಟಿನಲ್ಲಿ ಕೈ ಕಳೆದುಕೊಂಡ ಮಕ್ಕಳಿರುವುದು ಇದೇ ಕಾರಣಕ್ಕೆ. ಮೊಣಕೈ ಪೆಟ್ಟಾದಾಗ ಎಣ್ಣೆ ಹಚ್ಚಿ ತಿಕ್ಕಿಸುವುದೂ ಬೇಡ, ಸ್ನಾಯುವಿನೊಳಗೆ ಎಲುಬು ಬೆಳೆದು ಕೀಲು ಕಾಯಂ ಬಿಗಿಯಬಹುದು. ಪ್ಲಾಸ್ಟರಿನೊಳಗೆ ಬೆವರಿ ತುರಿಸಿದರೆ ಕಡ್ಡಿ ತೂರಿಸಬೇಡಿ. ಚರ್ಮ ಕೆರೆದು ಒಳಗೇ ಕೀವಾಗುತ್ತದೆ, ಹೊರಗೆ ಕಾಣುವುದಿಲ್ಲ.

ಮೂರು ತಿಂಗಳಾದ ಮೇಲೆ ಡಾಕ್ಟರು ಪೂರ್ತಿ ಭಾರ ಹಾಕಲು ಹೇಳಿದ್ದರೆ, ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂತು ನೋಡಿ. 15 ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿದರೆ ಕಾಲಿನ ಶಕ್ತಿ ಇನ್ನೂ ಸಾಲದು, ಬೈಕು, ಹೊಲದ ಏರಿಳಿತ ಇನ್ನಷ್ಟು ದಿನ ಕಾಯಲಿ. ಅದೇ ಏಳುವ ಕೂರುವ ಕೆಲಸವನ್ನೇ ದಿನಕ್ಕೆ ಎರಡು ಹೊತ್ತು ಹತ್ತತ್ತು ಸಲ ಕಸರತ್ತಾಗಿ ಮಾಡಿ. ನಿಂತಲ್ಲಿಂದ ಬಿದ್ದಷ್ಟಕ್ಕೇ ಎಲುಬು ಮುರಿದ ಹಿರಿಯರ ಮನೆಯವರು ಕೊನೆಯ ಎಕ್ಸ್‌ರೇ ದಿನ ಇನ್ನೊಂದು ಮಾತು ಕೇಳದೆ ಬರಬಾರದು: ಎಲುಬು ಸವೆದಿದೆಯೇ, ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ ಬೇಕೇ, ಎಲುಬು ಗಟ್ಟಿ ಮಾಡುವ ಔಷಧಿ ಶುರುಮಾಡಬೇಕೇ. ಒಮ್ಮೆ ಹೀಗೆ ಮುರಿದವರಿಗೆ ಮತ್ತೊಂದು ಎಲುಬು ಮುರಿಯುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಆ ಔಷಧಿಯ ಚೀಟಿ ಬರೆಸಿಕೊಳ್ಳದೆ ಹಾಗೇ ಬಂದವರೇ ಬಹಳ.